ಹಂಡೆಯಲ್ಲಿ ಹರಿದ ಹಳ್ಳ

ಧ್ವನಿಮುದ್ರಣದ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಅಂಕಲ್, ಯಾವ ಮೈಕ್ ತಗೊಳ್ಳಲಿ?’ ಮೈಕು ಯಾವುದಾದರೂ ನಡೆಯುತ್ತದೆ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ಮುದುಕ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಳ್ಳುತ್ತಾರೆ. ನನ್ನ ಹತ್ತಿರ ಗುಟ್ಟು ಇತ್ತು, ನಿಜ. ಅದು ಮೈಕಿನದಾಗಿರಲಿಲ್ಲ. ಅದನ್ನೂ ಬರೆಯುತ್ತೇನೆ. ಆದರೆ ಕೆಲಸ ಹೇಗಿತ್ತು ಎಂದು ಮೊದಲು ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ ತಪ್ಪು ಎಷ್ಟು ಸುಲಭವಾಗಿತ್ತು ಎನ್ನುವುದು ನಿಮಗೆ ತಿಳಿಯುವುದಿಲ್ಲ.

ನಾನು ಕುಂದಾಪುರದ ಕಡೆಯವನು. ಮುಂಬಯಿಯ ಮಾಟುಂಗದಲ್ಲಿ ಮಾವನ ಹೋಟೆಲಿನಲ್ಲಿ ಹಗಲು ದುಡಿಮೆ, ಸಂಜೆ ಕನ್ನಡ ರಾತ್ರಿಶಾಲೆ. ಹತ್ತನೆಯ ತರಗತಿ ದಾಟಲಿಲ್ಲ. ಸಾಕ್ಷ್ಯಚಿತ್ರ ಎಂಬ ಪದವನ್ನು ಕೇಳಿದ್ದು ಶೈಲಾತಾಯಿಯ ಬಾಯಲ್ಲಿ. ಅವರು ಚಿತ್ರ ತೆಗೆಯುವವರು, ನಮ್ಮಲ್ಲಿ ಕಾಫಿಗೆ ಬರುತ್ತಿದ್ದರು. ಅವರ ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಒಂದು ದಿನ ಹೋಟೆಲಿನಲ್ಲೇ ಏನೋ ಚಿತ್ರೀಕರಣ ಇಟ್ಟುಕೊಂಡಿದ್ದರು. ಮೈಕಿನ ಕೋಲು ಹಿಡಿಯಬೇಕಾದವನು ಬರಲಿಲ್ಲ. ತಾಯಿ ಸುತ್ತ ನೋಡಿ, ‘ಏ ಲಂಬೂ, ಇಕಡೆ ಯೇ, ಇದನ್ನು ಹಿಡಿ’ ಎಂದರು. ನಾನು ಉದ್ದವಿದ್ದೆ. ಅಷ್ಟೇ ನನ್ನ ಅರ್ಹತೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾವ, ‘ಹಿಡಿ ಹಿಡಿ, ದೋಸೆ ಅಂತೂ ನಿನಗೆ ಬರುದಿಲ್ಲ’ ಎಂದರು.

ಕಿವಿಗೆ ಹೆಡ್‌ಫೋನ್ ಹಾಕಿದರು. ಆ ಕ್ಷಣವನ್ನು ಇವತ್ತಿಗೂ ಮರೆತಿಲ್ಲ. ಎಷ್ಟೋ ವರ್ಷ ಓಡಾಡಿದ ಅದೇ ಹೋಟೆಲು. ಆದರೆ ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದು ನನ್ನ ತಲೆಯ ಒಳಗೇ ಆಯಿತು. ಮೂಲೆಯ ಮೇಜಿನಲ್ಲಿ ಒಬ್ಬ ಮುದುಕ ಇಡ್ಲಿಗೆ ಸಾಂಬಾರು ಸುರಿದು ತಿನ್ನುತ್ತ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದ. ಅವನು ದಿನವೂ ಬರುವವನು. ಗುನುಗುತ್ತಾನೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ನೋಡಿದ್ದನ್ನೇ ನೋಡುತ್ತದೆ, ಕಿವಿ ಮಾತ್ರ ಬಾಗಿಲು ತೆರೆದ ಮನೆ ಎಂದು ಅವತ್ತು ತಿಳಿಯಿತು. ಮತ್ತೆ ಹೋಟೆಲಿನ ಕೆಲಸಕ್ಕೆ ವಾಪಸು ಹೋಗಲಿಲ್ಲ.

ಆಗ ಭುಜಕ್ಕೆ ಹಾಕಿಕೊಳ್ಳುವ ಭಾರದ ಸ್ಪೂಲ್ ಯಂತ್ರ. ಟೇಪು ದುಬಾರಿ. ಹಾಗಾಗಿ ಗುಂಡಿ ಒತ್ತುವ ಮೊದಲು ಬಹಳ ಹೊತ್ತು ಸುಮ್ಮನೆ ಕೇಳುತ್ತಿದ್ದೆವು. ಆಮೇಲೆ ಬೆಂಕಿಪೆಟ್ಟಿಗೆಯಂಥ ಸಣ್ಣ ಕ್ಯಾಸೆಟ್ ಬಂತು, ಆಮೇಲೆ ಉಗುರಿನಷ್ಟು ಕಾರ್ಡು. ಈಗಿನವರು ಬೆಳಗಿನಿಂದ ಸಂಜೆಯವರೆಗೆ ಯಂತ್ರ ಓಡಿಸುತ್ತಾರೆ. ಎಲ್ಲವೂ ದಾಖಲಾಗುತ್ತದೆ, ಯಾರೂ ಕೇಳಿರುವುದಿಲ್ಲ.

ಒಂದು ಪದ್ಧತಿ ಮಾತ್ರ ಬದಲಾಗಿಲ್ಲ. ಯಾವ ಜಾಗದಲ್ಲೇ ಆಗಲಿ ಕೆಲಸ ಮುಗಿದ ಮೇಲೆ ಎಲ್ಲರೂ ಅಲುಗಾಡದೆ ನಿಂತು ಆ ಜಾಗದ ಮೌನವನ್ನು ಒಂದು ನಿಮಿಷ ಹಿಡಿಯಬೇಕು. ಪ್ರತಿ ಜಾಗಕ್ಕೂ ಅದರದೇ ಮೌನವಿರುತ್ತದೆ. ಮಾತಿನ ನಡುವೆ ಕತ್ತರಿಸಿದ ಕಡೆ ಆ ಮೌನವನ್ನು ತುಂಬಿದರೆ ಮಾತ್ರ ಚಿತ್ರ ಒಂದಾಗಿ ಹೆಪ್ಪುಗಟ್ಟುತ್ತದೆ. ‘ಭಾಸ್ಕರಚಾ ಮಿನಿಟ್’, ಭಾಸ್ಕರನ ನಿಮಿಷ, ಎಂದು ತಾಯಿ ನನ್ನನ್ನು ಹಾಸ್ಯ ಮಾಡುತ್ತಿದ್ದರು. ಅಷ್ಟು ಹೊತ್ತು ಅವರೂ ಸಿಗರೇಟು ಹಚ್ಚುವಂತಿರಲಿಲ್ಲ.

ತಾಯಿಗೆ ಏಷ್ಯಾದ ದೇಶಗಳ ಮೇಲೆ ಒಂದು ಮಾಲಿಕೆ ಮಾಡುವ ಅವಕಾಶ ಸಿಕ್ಕಿತು. ಹಳೆಯ ಬದುಕು, ಹೊಸ ಗಾಳಿ, ಎರಡೂ ಹೇಗೆ ಒಂದೇ ಮನೆಯಲ್ಲಿವೆ ಎಂದು ತೋರಿಸುವ ಚಿತ್ರಗಳು. ಊರಿಂದ ಮುಂಬಯಿಗೆ ಬಂದದ್ದು, ವಡಾಲದ ಮನೆಯಿಂದ ಹಾರ್ಬರ್ ಲೈನಿನ ಲೋಕಲ್ ರೈಲು, ಇಷ್ಟು ಬಿಟ್ಟರೆ ದೂರದ ಪ್ರಯಾಣ ಕಾಣದ ನಾನು ಮಂಗೋಲಿಯಾಕ್ಕೆ ಹೋದೆ. ಅಲ್ಲಿಯ ಹುಲ್ಲುಗಾವಲಿನಲ್ಲಿ ನನ್ನ ನಿಮಿಷ ಹಿಡಿಯಲು ನಿಂತಾಗ ಹೆಡ್‌ಫೋನಿನಲ್ಲಿ ಏನೂ ಕೇಳಲಿಲ್ಲ. ವೈರು ಕಡಿದಿದೆ ಎಂದು ಗಾಬರಿಯಾಗಿ ಎಲ್ಲ ಬಿಚ್ಚಿ ನೋಡಿದೆ. ವೈರು ಸರಿಯಾಗಿತ್ತು. ಅಲ್ಲಿ ನಿಜವಾಗಿಯೂ ಸದ್ದಿರಲಿಲ್ಲ. ಮುಂಬಯಿಯಲ್ಲಿ ಬೆಳೆದ ಕಿವಿಗೆ ಅಂಥದೊಂದು ಇರಬಹುದೆಂದೇ ಗೊತ್ತಿರಲಿಲ್ಲ. ನನ್ನ ಕತ್ತಿನ ನಾಡಿ ಕೇಳಿಸತೊಡಗಿತು. ಕೈಮುಗಿಯಬೇಕೆನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ. ಅಷ್ಟರಲ್ಲಿ ಗಾಳಿಗೆಂದು ಮೈಕಿಗೆ ತೊಡಿಸಿದ್ದ ತುಪ್ಪಳದ ಚೀಲವನ್ನು ಒಂದು ಕುರಿ ತನ್ನ ಮರಿ ಎಂದುಕೊಂಡು ನೆಕ್ಕಿತು. ಆ ನೆಕ್ಕುವ ಸದ್ದು ಗುಡುಗಿನ ಹಾಗೆ ಬಂದು ನಾನು ಕೂತೇಬಿಟ್ಟೆ. ಕುರಿಯ ಒಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಜಪಾನಿನ ಹಳ್ಳಿಯೊಂದರಲ್ಲಿ ಕೈಯಿಂದ ಕಾಗದ ಮಾಡುವ ಮುದುಕನ ಹತ್ತಿರ ಹೋದೆವು. ತಣ್ಣೀರಿನ ತೊಟ್ಟಿಯಲ್ಲಿ ಜರಡಿ ಮುಳುಗಿಸಿ ಅಲ್ಲಾಡಿಸುವುದು, ಎತ್ತುವುದು. ನೋಡಿದರೆ ಮಗುವನ್ನು ಮೀಯಿಸುವ ಹಾಗೆ. ಆದರೆ ಗೋಡೆಯ ಮೇಲೆ ರೇಡಿಯೋದಲ್ಲಿ ಬೇಸ್‌ಬಾಲ್ ಪಂದ್ಯದ ವರದಿ ಗದ್ದಲ ಮಾಡುತ್ತಿತ್ತು. ಆರಿಸಿ ಎಂದು ಕೇಳಿಕೊಂಡೆ. ಆತ ಬಾಗಿ ವಂದಿಸಿ ಆರಿಸಿದ. ಆಮೇಲೆ ತೆಗೆದ ಹಾಳೆಗಳೆಲ್ಲ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆತನಿಗೇ ನಾಚಿಕೆಯಾಯಿತು. ತಾಯಿ ನನ್ನ ಕಡೆ ತಿರುಗಿ, ‘ಭಾಸ್ಕರ್, ರೇಡಿಯೋ ಲಾವ್. ಅವರ ಕೈ ಅದರ ಜೊತೆ ನಡೆಯುತ್ತೆ, ಕಾಣಲ್ವಾ?’ ಎಂದರು. ರೇಡಿಯೋ ಹಚ್ಚಿದ ಕೂಡಲೇ ಹಾಳೆ ಸಮನಾಯಿತು. ನನಗೆ ಅದು ಪಾಠವಾಗಬೇಕಿತ್ತು. ನಾನು ಅದನ್ನು ಒಳ್ಳೆಯ ಕಥೆ ಎಂದು ಮಾಟುಂಗದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಅಷ್ಟೇ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಹಿಮಾಲಯದ ಒಂದು ಕಣಿವೆ. ಹೆಸರು ಬರೆಯುವುದಿಲ್ಲ. ಅಲ್ಲಿ ಒಂದು ಸಣ್ಣ ಕಲ್ಲಿನ ಗುಡಿಯಲ್ಲಿ ಆಳೆತ್ತರದ ಮರದ ಪ್ರಾರ್ಥನಾ ಚಕ್ರ. ಅದರೊಳಗೆ ಸುರುಳಿ ಸುರುಳಿಯಾಗಿ ಮಂತ್ರ ಬರೆದ ಕಾಗದ. ಚಕ್ರ ಒಂದು ಸುತ್ತು ತಿರುಗಿದರೆ ಊರಿನ ಪರವಾಗಿ ಅಷ್ಟೂ ಮಂತ್ರ ಹೇಳಿದಂತೆ. ಅಡಿಯಲ್ಲಿ ಹರಿಯುವ ಹಳ್ಳವೇ ಅದನ್ನು ಹಗಲಿರುಳು ತಿರುಗಿಸುತ್ತಿತ್ತು. ಪ್ರತಿ ಸುತ್ತಿಗೂ ಒಂದು ಗೂಟ ತಗುಲಿ ಗಂಟೆ ‘ಟಿಂಗ್’ ಎನ್ನುತ್ತಿತ್ತು. ತಾಯಿ ಅದನ್ನು ಓದಿ ತಿಳಿದು ನಮ್ಮನ್ನು ಕರೆದುಕೊಂಡು ಹೋಗಿದ್ದರು.

ಹೋಗಿ ನೋಡಿದರೆ ಹಳ್ಳ ಒಣಗಿತ್ತು. ಮೇಲೆ ಸಣ್ಣದೊಂದು ವಿದ್ಯುತ್ ಯೋಜನೆ ಬಂದು ನೀರನ್ನು ಕೊಳವೆಗೆ ತಿರುಗಿಸಿಕೊಂಡಿತ್ತು. ಅದೇ ಯೋಜನೆಯವರು ದಾಕ್ಷಿಣ್ಯಕ್ಕೆ ಒಂದು ಮೋಟಾರು ಕೊಟ್ಟಿದ್ದರು. ಈಗ ಚಕ್ರ ತಿರುಗುತ್ತಿದ್ದುದು ಕರೆಂಟಿನಿಂದ. ಗುಂಯ್ ಎಂಬ ಸದ್ದು, ನಡುವೆ ಟಿಂಗ್. ಚಕ್ರವನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಆಮಾ ಎನ್ನುತ್ತಿದ್ದರು. ಆಕೆ ಮೋಟಾರಿನ ಧೂಳನ್ನೂ ಚಕ್ರದ ಧೂಳನ್ನೂ ಒಂದೇ ಬಟ್ಟೆಯಿಂದ ಒರೆಸುತ್ತಿದ್ದಳು.

‘ತಾಯಿ, ಇದೇ ಅಲ್ಲವಾ ನಮ್ಮ ಚಿತ್ರ? ಹಳೆಯದು, ಹೊಸದು?’ ಎಂದು ನಾನೇ ಕೇಳಿದೆ.

‘ಅರೇ ನಹೀ ರೇ. ಈ ಕಂತು ಪರಂಪರೆಯದು. ಬದಲಾವಣೆಯದು ಮುಂದಿನ ಕಂತು’ ಎಂದರು ತಾಯಿ. ಅವರೂ ದಣಿದಿದ್ದರು. ಕ್ಯಾಮೆರಾವನ್ನು ಚಕ್ರದ ಹತ್ತಿರಕ್ಕೆ ಒಯ್ದು ಮೋಟಾರು, ಒಣ ಹಳ್ಳ ಎರಡೂ ಕಾಣದ ಹಾಗೆ ತೆಗೆದರು. ‘ನೀರಿನ ಸದ್ದು ಎಲ್ಲಿಂದಾದರೂ ತಾ ಭಾಸ್ಕರ್’ ಎಂದರು.

ಎಲ್ಲಿಂದ ಎಂದು ಅವರು ಹೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಬೇರೆ ಹಳ್ಳ ಹುಡುಕಿ ಇಳಿದು ಹೋಗಲು ನನಗೆ ಸೋಮಾರಿತನ. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ, ವಡಾಲದ ನಮ್ಮ ಬಿಲ್ಡಿಂಗಿಗೆ ಮುನಿಸಿಪಾಲಿಟಿ ನೀರು ಬರುವ ಹೊತ್ತಿಗೆ, ನಳದ ಕೆಳಗೆ ತಾಮ್ರದ ಹಂಡೆ ಇಟ್ಟು ಮೈಕು ಹಿಡಿದೆ. ನನ್ನ ಹೆಂಡತಿ ಗಿರಿಜೆ ಬಾಗಿಲಲ್ಲಿ ನಿಂತು, ‘ಎಂತ ಮಾರಾಯ್ರೇ, ನೀರು ಬರುದೇ ಇಷ್ಟು ಹೊತ್ತು. ಅದಕ್ಕೂ ಇಂಟರ್‌ವ್ಯೂ ಮಾಡ್ತೀರಾ?’ ಎಂದಳು. ಅವಳ ಮಾತನ್ನು ಕತ್ತರಿಸಿ ತೆಗೆದೆ. ಮೋಟಾರಿನ ಗುಂಯ್ ಎನ್ನುವುದನ್ನೂ ತೆಗೆದೆ. ಗಂಟೆ ಉಳಿಸಿಕೊಂಡೆ. ನೀರು ಸೇರಿಸಿದೆ.

ಆ ಚಿತ್ರಕ್ಕೆ ಬಂದ ಬಹುಮಾನಗಳಲ್ಲಿ ಒಂದು ಧ್ವನಿಗೆ. ಚಿತ್ರದ ಕೊನೆಯ ಉದ್ದನೆಯ ದೃಶ್ಯದಲ್ಲಿ ನೀರಿನ ಸದ್ದು ಮೆಲ್ಲಗೆ ಮೇಲೇರುತ್ತದೆ, ನಂಬಿಕೆಯೇ ಏರುತ್ತಿರುವ ಹಾಗೆ, ಎಂದು ತೀರ್ಪುಗಾರರೊಬ್ಬರು ವೇದಿಕೆಯಲ್ಲಿ ಹೊಗಳಿದರು. ಏರುತ್ತಿದ್ದುದು ನಮ್ಮ ಹಂಡೆ. ಪಾತ್ರೆ ತುಂಬುತ್ತ ಬಂದ ಹಾಗೆ ಸದ್ದು ಸಣ್ಣಗಾಗುತ್ತ ಮೇಲಕ್ಕೆ ಹೋಗುತ್ತದೆ, ಯಾವ ಗೃಹಿಣಿಯನ್ನು ಕೇಳಿದರೂ ಹೇಳುತ್ತಾಳೆ. ಹಾಗೆ ತುಂಬಿಬರುವ ಹಳ್ಳ ಎಲ್ಲೂ ಇಲ್ಲ. ನಾನು ವೇದಿಕೆಯಲ್ಲಿ ತಲೆ ಬಗ್ಗಿಸಿ ಪದಕ ಹಾಕಿಸಿಕೊಂಡೆ.

ಬಹಳ ವರ್ಷಗಳ ಮೇಲೆ ಪೇಮಾ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಆಮಾಳ ಮಗಳು. ಇಲ್ಲೇ ಮುಂಬಯಿಯ ಕಾಂದಿವಲಿಯಲ್ಲಿ ನರ್ಸ್ ಆಗಿದ್ದಳು. ಮಾಟುಂಗದ ಹೋಟೆಲಿನಲ್ಲಿ ಎದುರು ಕೂತು ಇಡ್ಲಿಯನ್ನು ಚಮಚದಿಂದ ಅಳುಕುತ್ತ ಕತ್ತರಿಸುತ್ತ ಹಿಂದಿಯಲ್ಲಿ ಹೇಳಿದಳು. ಹಳ್ಳಕ್ಕೆ ಒಂದು ಪಾಲು ನೀರಾದರೂ ಬಿಡಿ ಎಂದು ಅವರ ಊರು ಸರಕಾರಕ್ಕೆ ಮೊರೆಯಿಟ್ಟಿತ್ತು. ಹೊಲ, ಗಿರಣಿ, ದನಕರು, ಎಲ್ಲಕ್ಕೂ ಆ ಹಳ್ಳವೇ ಆಧಾರವಾಗಿತ್ತು. ಸಭೆಯಲ್ಲಿ ಯೋಜನೆಯವರು ನಮ್ಮ ಚಿತ್ರವನ್ನು ಹಾಕಿ ತೋರಿಸಿದ್ದರು. ‘ನಮ್ಮ ಕೆಲಸ ಮುಗಿದ ಮೇಲೆ ತೆಗೆದ ಚಿತ್ರ ಇದು. ನೀರು ಹರಿಯುತ್ತಿದೆ, ಚಕ್ರ ತಿರುಗುತ್ತಿದೆ. ಏನು ತೊಂದರೆ?’ ಎಂದು ಅವರು ಕೇಳಿದ್ದರು.

‘ಅಂಕಲ್, ಇನ್ನೊಂದು ಮಾತು’ ಎಂದಳು ಪೇಮಾ. ‘ಅದಕ್ಕೂ ಮೊದಲು ನಮ್ಮ ಊರಿನ ಶಾಲೆಯಲ್ಲಿ ಆ ಚಿತ್ರ ಹಾಕಿದ್ದರು. ನೀರಿನ ಸದ್ದು ಕೇಳಿದ್ದೇ ಮುದುಕರೆಲ್ಲ ಎದ್ದು ಹೊರಗೆ ಹೋದರು.’

‘ಯಾಕಮ್ಮ? ಚಿತ್ರ ಚೆನ್ನಾಗಿರಲಿಲ್ಲವಾ?’

‘ಹಳ್ಳ ವಾಪಸು ಬಂತು ಅಂತ ನೋಡೋಕೆ.’

ಅವಳು ನಗುತ್ತಲೇ ಹೇಳಿದಳು. 

‘ಅವತ್ತಿನ ನಿಜವಾದ ರೆಕಾರ್ಡಿಂಗ್ ನಿಮ್ಮ ಹತ್ತಿರ ಇರುತ್ತಲ್ಲ? ಮೋಟಾರಿನ ಸದ್ದು ಇರುವುದು? ಅದು ಕೊಟ್ಟರೆ ಸಾಕು’ ಎಂದಳು.

‘ಇಲ್ಲಮ್ಮ. ಆಗ ಕ್ಯಾಸೆಟ್ ಅಳಿಸಿ ಮತ್ತೆ ಬಳಸುತ್ತಿದ್ದೆವು’ ಎಂದೆ.

ಕ್ಯಾಸೆಟ್ ನಮ್ಮ ಮನೆಯ ಕಪಾಟಿನಲ್ಲಿ, ಪದಕದ ಹಿಂದೆಯೇ ಇತ್ತು. ಯಾರೂ ನನ್ನನ್ನು ಹೆದರಿಸಿರಲಿಲ್ಲ, ತಾಯಿಗೂ ವಿಷಯ ತಿಳಿದಿರಲಿಲ್ಲ. ರಾತ್ರಿಶಾಲೆಯ ಭಾಸ್ಕರನಿಗೆ ಜಗತ್ತು ಕೊಟ್ಟ ಒಂದು ಪದಕ ಹೋಗುತ್ತದೆ ಎಂಬ ಭಯಕ್ಕೆ ಸುಳ್ಳು ಹೇಳಿದೆ. ಪೇಮಾ ‘ಕೋಯಿ ಬಾತ್ ನಹೀ, ಪರವಾಗಿಲ್ಲ’ ಎಂದು ಎದ್ದಳು. ಸ್ಟೇಷನ್ನಿನವರೆಗೆ ಅವಳ ಜೊತೆ ನಡೆದೆ. ಲೋಕಲ್ ಬರುವ ಮೊದಲು ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ನಾನು ತಡೆಯಲಿಲ್ಲ. ಮಕ್ಕಳೇ, ನಮ್ಮ ಕೆಲಸದಲ್ಲಿ ಬೇಡದ ಸದ್ದನ್ನು ಅಳಿಸುವುದು ಬಹಳ ಸುಲಭ. ಆ ಹುಡುಗಿಯ ಬಳೆ ನನ್ನ ಚಪ್ಪಲಿಗೆ ತಗುಲಿದ ಸದ್ದನ್ನು ಮಾತ್ರ ನನ್ನಿಂದ ಅಳಿಸಲಾಗಿಲ್ಲ.

ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಹಳೆಯ ಕ್ಯಾಸೆಟ್ ಯಂತ್ರವನ್ನು ಗುಜರಿಗೆ ಹಾಕಲು ಹೊರಟಿದ್ದೆ. ಕೊಡುವ ಮೊದಲು ಓಡುತ್ತದೆಯೇ ನೋಡೋಣವೆಂದು ಕೈ ಹಾಕಿದೆ. ಬೇರೆ ಕ್ಯಾಸೆಟ್‌ಗಳೂ ಇದ್ದವು. ಕೈ ಪದಕದ ಹಿಂದಿದ್ದ ಅದನ್ನೇ ತೆಗೆಯಿತು.

ಗುಂಯ್. ಟಿಂಗ್. ಗುಂಯ್. ಟಿಂಗ್. ಅದು ನನ್ನ ನಿಮಿಷ, ಕೆಲಸ ಮುಗಿದ ಮೇಲೆ ಹಿಡಿದ ಮೌನ. ಕ್ಯಾಮೆರಾ ಆಗಲೇ ಪೆಟ್ಟಿಗೆ ಸೇರಿತ್ತು. ನಡುವೆ ನನ್ನದೇ ಗೊಣಗು: ‘ಲೈಟ್ ಗಯಾ.’ ಕರೆಂಟು ಹೋಗಿತ್ತು. ನನ್ನ ಯಂತ್ರ ಬ್ಯಾಟರಿಯದ್ದು, ಓಡುತ್ತಲೇ ಇತ್ತು. ಗುಂಯ್ ಎನ್ನುವುದು ಇಳಿದು ನಿಂತಿತು. ಗಂಟೆಗಳ ನಡುವಿನ ಅಂತರ ಹಿಗ್ಗುತ್ತ ಹೋಯಿತು. ಟಿಂಗ್. ಬಹಳ ಹೊತ್ತಿಗೆ ಇನ್ನೊಂದು. ಆಮೇಲೆ ಇಲ್ಲ.

ಕಲ್ಲಿನ ಮೇಲೆ ಚಪ್ಪಲಿ ಎಳೆಯುವ ಸದ್ದು. ಒಂದು ಕೆಮ್ಮು. ಮರ ಕಿರ್ರೆಂದಿತು. ಉಸಿರು. ಮತ್ತೆ ಕಿರ್ರೆಂದಿತು. ಟಿಂಗ್.

ಆಮಾ ಬಂದು ಕೈಯಿಂದ ಚಕ್ರ ತಿರುಗಿಸುತ್ತಿದ್ದಳು.

ನೆನಪು ಬಂತು. ನಿಮಿಷ ಕೆಟ್ಟಿತೆಂದು, ಯಂತ್ರ ನಿಲ್ಲಿಸದೆಯೇ ನಾನು ವೈರು ಸುತ್ತುತ್ತ ಬೇಸರದಿಂದ ಕೇಳಿದ್ದೆ, ಕರೆಂಟ್ ಈಗ ಬರುತ್ತದಲ್ಲ, ಇಷ್ಟು ಕಷ್ಟ ಯಾಕೆ ಎಂದು. ಊರಿನ ಮೇಷ್ಟ್ರು ಅದನ್ನು ಆಮಾಗೆ ಹೇಳಿ, ಅವಳ ಉತ್ತರವನ್ನು ನನಗೆ ಹಿಂದಿಯಲ್ಲಿ ಹೇಳಿದ್ದರು. ಅದೂ ಟೇಪಿನಲ್ಲಿತ್ತು: ‘ಕರೆಂಟ್ ಹೋದದ್ದು ಚಕ್ರಕ್ಕೆ ಯಾಕೆ ಗೊತ್ತಾಗಬೇಕು ಅಂತಾರೆ.’

ನಾನು ಮಂಗೋಲಿಯಾದ ಮೌನ ಕೇಳಿದವನು. ಹಿಮ ಬಿರಿಯುವುದನ್ನು, ಕಡಲಿನ ಮಧ್ಯೆ ಬಲೆ ಎಳೆಯುವವರ ಹಾಡನ್ನು ಕೇಳಿದವನು. ನನ್ನ ಇಡೀ ಬದುಕಿನಲ್ಲಿ ಹಿಡಿದ ದೊಡ್ಡ ಸದ್ದು ಇದೇ ಆಗಿತ್ತು. ಊರಿನ ನೀರು ಹೋಯಿತು, ಮೋಟಾರು ಬಂತು, ಮೋಟಾರೂ ನಿಂತಿತು. ನಿಂತ ಕೂಡಲೇ ಒಬ್ಬ ಹೆಂಗಸು ಚಪ್ಪಲಿ ಎಳೆಯುತ್ತ ಬಂದಳು. ಹಳೆಯದು ಹೊಸದು ಎಂದು ನಾವು ಏಷ್ಯಾ ತುಂಬ ಹುಡುಕಿದ್ದು ಆ ಒಂದು ನಿಮಿಷದಲ್ಲಿತ್ತು. ಅದರ ಮೇಲೆ ನಾನು ಮುನಿಸಿಪಾಲಿಟಿ ನೀರು ಸುರಿದಿದ್ದೆ.

ಗಿರಿಜೆ ಚಹಾ ತಂದವಳು ನನ್ನ ಮುಖ ನೋಡಿ ಹೆಡ್‌ಫೋನ್ ತೆಗೆದು ತಾನು ಹಾಕಿಕೊಂಡಳು. ಕೇಳಿ ಮುಗಿದ ಮೇಲೆ, ‘ಆ ನರ್ಸ್ ಹುಡುಗಿ ನಂಬರ್ ಉಂಟಾ?’ ಎಂದಳು. 

ಮೊದಲು ತಾಯಿಗೆ ಫೋನ್ ಮಾಡಿದೆ. ನೀರು ಎಲ್ಲಿಯದೆಂದು ಹೇಳಿದೆ. ಅವರಿಗೂ ವಯಸ್ಸಾಗಿತ್ತು. ಪೂರ್ತಿ ಕೇಳಿಸಿಕೊಂಡರು. ಆಮೇಲೆ, ‘ಸಾಂಗ್ ಭಾಸ್ಕರ್, ಹೇಳಿಬಿಡು. ತರಲು ಹೇಳಿದವಳು ನಾನು ಅಂತಲೂ ಹೇಳು’ ಎಂದರು.

ಪೇಮಾಗೂ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. ಊರಿನ ಅರ್ಜಿ ಇನ್ನೂ ನಡೆಯುತ್ತಿತ್ತು. ಅವಳು ಧ್ವನಿಯ ಪ್ರತಿ ತೆಗೆದುಕೊಂಡು ರಜೆ ಹಾಕಿ ಊರಿಗೆ ಹೋದಳು. ಸಭೆಯ ಬೆಳಿಗ್ಗೆ ನಾನು ಮನೆಯಿಂದಲೇ ಫೋನಿನ ವಿಡಿಯೋದಲ್ಲಿ ಕೂತೆ. ಆ ಕಡೆ ಅಧಿಕಾರಿ, ಯೋಜನೆಯವರ ವಕೀಲ, ಹಿಂದೆ ಊರಿನವರು. ಟೇಪು ಹಾಕಿದರು. ಗಂಟೆ ನಿಂತು ಚಪ್ಪಲಿಯ ಸದ್ದು ಬಂದಾಗ ಊರಿನವರ ಸಾಲಿನಲ್ಲಿ ಒಂದು ಕದಲಿಕೆ.

ವಕೀಲ ಎದ್ದ. ‘ಸಾಬ್, ಚಿತ್ರದಲ್ಲಿ ನೀರಿದೆ, ಇದರಲ್ಲಿ ಇಲ್ಲ. ಎರಡನ್ನೂ ಮಾಡಿದವರು ಇವರೇ. ಒಂದು ಸುಳ್ಳು ಅಂತ ಇವರೇ ಒಪ್ಪುತ್ತಾರೆ. ಯಾವುದು ಸುಳ್ಳು ಅಂತ ನಾವು ಹೇಗೆ ನಂಬುವುದು?’

ಅವನು ಕೇಳಿದ್ದು ನ್ಯಾಯವಾಗಿತ್ತು.  ಒಳಗಿನಿಂದ ನಳ ಗೊರಗೊರ ಎಂದು ಗಾಳಿ ಉಗುಳಿತು. ನೀರಿನ ಹೊತ್ತು.

‘ಸಾಹೇಬರೇ, ಸ್ವಲ್ಪ ನಿಲ್ಲಿ. ಚಿತ್ರದ ಕೊನೆಯ ದೃಶ್ಯ ಹಾಕಿರಿ, ಆಮೇಲೆ ಇದನ್ನು ಕೇಳಿ’ ಎಂದು ಫೋನ್ ಹಿಡಿದು ಎದ್ದೆ. ‘ಗಿರಿಜಾ, ಹಂಡೆ!’

‘ತೊಳೀಲಿಲ್ಲ ಮಾರಾಯ್ರೇ!’

‘ಹಾಗೇ ಇಡು!’

ಅದೇ ತಾಮ್ರದ ಹಂಡೆ. ಅವಳು ಇಟ್ಟಳು, ಆ ಕಡೆ ದೃಶ್ಯ ಮುಗಿದ ಕೂಡಲೇ ನಾನು ನಳ ತಿರುಗಿಸಿದೆ. ಖಾಲಿ ಪಾತ್ರೆಗೆ ಬಿದ್ದ ನೀರು ದಪ್ಪ ದನಿಯಲ್ಲಿ ಶುರುವಾಗಿ, ತುಂಬುತ್ತ ತುಂಬುತ್ತ ಸಣ್ಣಗಾಗಿ ಮೇಲೇರಿತು. ಎಂದೋ ಒಬ್ಬ ತೀರ್ಪುಗಾರ ನಂಬಿಕೆ ಎಂದು ಹೊಗಳಿದ ಅದೇ ಏರು. ‘ಸಾಹೇಬರೇ, ಹಳ್ಳ ಹೀಗೆ ತುಂಬುವುದಿಲ್ಲ. ಇದು ವಡಾಲ. ಇದು ನನ್ನ ಹೆಂಡತಿಯ ಹಂಡೆ’ ಎಂದೆ. ಅಧಿಕಾರಿ ಕಿವಿಯನ್ನು ಫೋನಿನ ಹತ್ತಿರ ತಂದರು. ವಕೀಲ ಕೂತ.

ಅದರ ಫಲವನ್ನೂ ಹೇಳುತ್ತೇನೆ. ಅಧಿಕಾರಿಗಳು ಸ್ಥಳ ನೋಡಿದರು, ಹಳ್ಳಕ್ಕೆ ಒಂದು ಪಾಲು ಬಿಡಬೇಕೆಂದು ಆದೇಶವಾಯಿತು. ಎಲ್ಲ ನೀರೂ ಬರಲಿಲ್ಲ. ಈಗ ಮಳೆಗಾಲದಲ್ಲಿ ಚಕ್ರವನ್ನು ನೀರು ತಿರುಗಿಸುತ್ತದೆ, ಬೇಸಗೆಯಲ್ಲಿ ಮೋಟಾರು, ಕರೆಂಟು ಹೋದಾಗ ಯಾರಾದರೂ ಒಬ್ಬರ ಕೈ. ಪದಕವನ್ನು ಕೊಟ್ಟವರಿಗೇ ಹಿಂದಿರುಗಿಸಿದೆ.

ಆದರೆ ಆ ಬೆಳಿಗ್ಗೆ ಇದಾವುದೂ ಗೊತ್ತಿರಲಿಲ್ಲ. ಹಂಡೆ ತುಂಬಿತ್ತು, ನಾನು ಫೋನ್ ಹಿಡಿದು ನಿಂತೇ ಇದ್ದೆ, ನೀರು ಅಂಚಿನಿಂದ ಚೆಲ್ಲಿ ಮೋರಿಗೆ ಹರಿಯುತ್ತಿತ್ತು. ಸಭೆಯ ಹಿಂದಿನ ಸಾಲಿನಿಂದ ಒಂದು ಮುದಿ ದನಿ ಅವರ ಭಾಷೆಯಲ್ಲಿ ಏನೋ ಜೋರಾಗಿ ಹೇಳಿತು. ಮೊದಲು ಒಂದು ಕೆಮ್ಮು. ಆ ಕೆಮ್ಮನ್ನು ನಾನು ಎಲ್ಲಿ ಕೇಳಿದರೂ ಗುರುತಿಸುತ್ತೇನೆ.

‘ಆಮಾ ಏನಂದರು ಪೇಮಾ?’ ಎಂದು ಹೆದರುತ್ತ ಕೇಳಿದೆ.

ಪೇಮಾ ನಗುತ್ತಿದ್ದಳೋ ಅಳುತ್ತಿದ್ದಳೋ, ಆ ಸಣ್ಣ ಪರದೆಯಲ್ಲಿ ಕಾಣಲಿಲ್ಲ.

‘ನಳ ನಿಲ್ಲಿಸಿ ಅಂತಿದಾರೆ ಅಂಕಲ್. ನೀರು ಪೋಲಾಗ್ತಿದೆ ಅಂತೆ.’

ನಿಲ್ಲಿಸಿದೆ.